ಸ್ಟೆಂಟ್ ಹಾಕಿಸಿಕೊಂಡವರ ಮಾತ್ರೆ ಎಲ್ಲಿ ನಿಲ್ಲುತ್ತದೆ

ಮಣಿಪಾಲ, ಉಡುಪಿ ಅಥವಾ ಮಂಗಳೂರಿನ ಆಸ್ಪತ್ರೆಯಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಅಳವಡಿಸಿಕೊಂಡು ಬ್ರಹ್ಮಾವರ, ಬಾರ್ಕೂರು, ಸಾಲಿಗ್ರಾಮ, ಮಂದಾರ್ತಿಗಳ ಮನೆಗೆ ಮರಳುವವರ ಬಿಡುಗಡೆ ಚೀಟಿಯಲ್ಲಿ ಐದಾರು ಬಗೆಯ ಮಾತ್ರೆಗಳ ಹೆಸರಿರುವುದು ಸಾಮಾನ್ಯ. ಅವುಗಳಲ್ಲಿ ಕೊಬ್ಬಿನ, ಸಕ್ಕರೆಯ, ರಕ್ತದೊತ್ತಡದ ಮಾತ್ರೆಗಳ ಪ್ರಯೋಜನವನ್ನು ತಿಂಗಳು ಮತ್ತು ವರ್ಷಗಳಲ್ಲಿ ಅಳೆಯಬೇಕಾಗುತ್ತದೆ. ಸ್ಟೆಂಟಿನ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಎರಡು ಮಾತ್ರೆಗಳ ಲೆಕ್ಕ ಮಾತ್ರ ದಿನಗಳದ್ದು. ಅಳವಡಿಕೆಯಾದ ಮೊದಲ ವಾರಗಳಲ್ಲಿ ಈ ಎರಡನ್ನು ಕೆಲವೇ ದಿನ ಬಿಟ್ಟರೂ ಸ್ಟೆಂಟಿನೊಳಗೆ ರಕ್ತ ಗಡ್ಡೆಯಾಗಿ, ತೆರೆದ ನಾಳ ಒಮ್ಮೆಲೇ ಮುಚ್ಚಿಹೋಗುವ ಸಂಭವವಿದೆ. ಈ ಮಾತ್ರೆಗಳು ಅವಧಿಗೆ ಮುನ್ನ ನಿಲ್ಲುವುದು ಹೃದ್ರೋಗ ತಜ್ಞರ ಕೊಠಡಿಯಲ್ಲಿ ಅಪರೂಪ. ಹಲ್ಲಿನ ವೈದ್ಯರ ಕುರ್ಚಿಯಲ್ಲಿ, ಮಳೆಗಾಲದ ಜ್ವರದ ವಾರ್ಡಿನಲ್ಲಿ, ಮೆಡಿಕಲ್ ಅಂಗಡಿಯ ಕೌಂಟರಿನ ಮುಂದೆ, ಆಳಸಮುದ್ರದ ಬೋಟಿನಲ್ಲಿ ಅವು ನಿಲ್ಲುವುದು ಹೆಚ್ಚು. ಆದ್ದರಿಂದ ಸ್ಟೆಂಟ್ ಎಂದರೇನು ಎಂಬುದಕ್ಕಿಂತ ಮಾತ್ರೆ ಎಲ್ಲೆಲ್ಲಿ ಕೈತಪ್ಪುತ್ತದೆ ಎಂಬುದನ್ನು ತಿಳಿದಿರುವುದು ರೋಗಿಗೂ ಮನೆಯವರಿಗೂ ಹೆಚ್ಚು ಉಪಯುಕ್ತವಾದ ತಿಳಿವಳಿಕೆ.

ಲೋಹದ ಮೇಲೆ ರಕ್ತ

ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ನಾಳಗಳಿಗೆ ಕರೊನರಿ ರಕ್ತನಾಳಗಳೆಂದು ಹೆಸರು. ಅವುಗಳ ಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣದ ಅಂಶ ಸೇರಿ ಒಳಜಾಗ ಕಿರಿದಾದಾಗ, ಕೈಯ ಅಥವಾ ತೊಡೆಯ ಸಂದಿನ ನಾಳದ ಮೂಲಕ ತೆಳ್ಳನೆಯ ಕೊಳವೆಯನ್ನು ಸಾಗಿಸಿ, ತುದಿಯ ಬಲೂನನ್ನು ಉಬ್ಬಿಸಿ ದಾರಿ ಅಗಲಿಸುವ ಕ್ರಮವೇ ಆಂಜಿಯೋಪ್ಲಾಸ್ಟಿ. ಅಗಲಿಸಿದ ಜಾಗ ಮತ್ತೆ ಕುಸಿಯದಂತೆ ಅಲ್ಲಿ ಬಿಟ್ಟುಬರುವ ಸಣ್ಣ ಲೋಹದ ಜಾಲರಿಯೇ ಸ್ಟೆಂಟ್. ನೋಡಲು ಬಾಲ್‌ಪೆನ್ನಿನೊಳಗಿನ ಸ್ಪ್ರಿಂಗಿನಂತಿರುವ ಇದರ ತಂತಿಗಳು ಈಗ ಬಳಕೆಯಲ್ಲಿರುವ ಬಹುತೇಕ ಮಾದರಿಗಳಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ತೆಳುವಾಗಿವೆ. ಇಂದು ಅಳವಡಿಸುವ ಸ್ಟೆಂಟುಗಳಲ್ಲಿ ಹೆಚ್ಚಿನವು ಔಷಧಲೇಪಿತ, ಅಂದರೆ ಗಾಯ ಮಾಯುವಾಗ ಅಂಗಾಂಶ ಅತಿಯಾಗಿ ಬೆಳೆದು ನಾಳವನ್ನು ಮತ್ತೆ ಮುಚ್ಚದಂತೆ ತಡೆಯುವ ಔಷಧವನ್ನು ನಿಧಾನವಾಗಿ ಬಿಡುವಂಥವು.

ಆರೋಗ್ಯವಂತ ರಕ್ತನಾಳದ ಒಳಮೈಯನ್ನು ಒಂದೇ ಪದರದ ಜೀವಕೋಶಗಳು ಹೊದ್ದಿರುತ್ತವೆ, ಆ ಹೊದಿಕೆಯ ಮೇಲೆ ರಕ್ತ ಅಂಟದೆ ಹರಿಯುತ್ತದೆ. ಬಲೂನಿನ ಒತ್ತಡಕ್ಕೆ ಈ ಹೊದಿಕೆ ಹರಿದು, ಅದರ ಮೇಲೆ ಪರಕೀಯ ಲೋಹವೂ ಬಂದು ಕುಳಿತಾಗ, ರಕ್ತದಲ್ಲಿ ಸದಾ ಸುತ್ತುತ್ತಿರುವ ಪ್ಲೇಟ್‌ಲೆಟ್‌ಗಳೆಂಬ ಸೂಕ್ಷ್ಮ ಕಣಗಳು ಅದನ್ನು ಗಾಯವೆಂದೇ ತಿಳಿದು ಬಂದು ಅಂಟಿಕೊಳ್ಳುತ್ತವೆ, ರಾಸಾಯನಿಕ ಸಂಕೇತಗಳನ್ನು ಹೊರಸೂಸಿ ಇನ್ನಷ್ಟು ಪ್ಲೇಟ್‌ಲೆಟ್‌ಗಳನ್ನು ಕರೆಯುತ್ತವೆ. ಕತ್ತಿ ತಾಗಿದ ಬೆರಳಿನಲ್ಲಿ ರಕ್ತ ನಿಲ್ಲಿಸಿ ಜೀವ ಕಾಯುವ ಇದೇ ಕ್ರಿಯೆ ಮೂರು ಮಿಲಿಮೀಟರ್ ಅಗಲದ ಹೃದಯದ ನಾಳದಲ್ಲಿ ನಡೆದರೆ ಅದು ಹೃದಯಾಘಾತವಾಗುತ್ತದೆ. ಜಾಲರಿಯ ತಂತಿಗಳ ಮೇಲೆ ಹೊಸ ಒಳಪದರ ಬೆಳೆದು ಲೋಹ ಮರೆಯಾಗುವವರೆಗೆ ಈ ಅಪಾಯ ಹೆಚ್ಚು, ಅನಂತರ ಕಡಿಮೆ, ಆದರೆ ಎಂದಿಗೂ ಪೂರ್ತಿ ಇಲ್ಲವಾಗುವುದಿಲ್ಲ. ವೈದ್ಯರು ಈ ಹೆಪ್ಪುಗಟ್ಟುವಿಕೆಯನ್ನು ಕಾಲಕ್ಕೆ ತಕ್ಕಂತೆ ವಿಂಗಡಿಸುತ್ತಾರೆ: ಮೊದಲ 24 ಗಂಟೆಗಳಲ್ಲಿ ಆಗುವುದು, 30 ದಿನಗಳೊಳಗೆ ಆಗುವುದು, ಒಂದು ವರ್ಷದೊಳಗೆ ಆಗುವುದು, ವರ್ಷ ಕಳೆದ ಮೇಲೆ ಆಗುವುದು. ಹೆಚ್ಚಿನ ಪ್ರಕರಣಗಳು ಮೊದಲ 30 ದಿನಗಳಲ್ಲೇ ಸಂಭವಿಸುವುದರಿಂದ ಆ ತಿಂಗಳಿನಲ್ಲಿ ಒಂದು ಹೊತ್ತಿನ ಮಾತ್ರೆಗೂ ಬೆಲೆಯಿದೆ.

ಇಂದಿನ ಸ್ಟೆಂಟುಗಳಲ್ಲಿ ಮೊದಲ ವರ್ಷ ಇದು ನೂರರಲ್ಲಿ ಸುಮಾರು ಒಬ್ಬರಿಗೆ, ಅಥವಾ ಅದಕ್ಕಿಂತಲೂ ಕಡಿಮೆ ಜನರಿಗೆ ಆಗುವ ತೊಂದರೆ ಎಂಬುದನ್ನು ಜೊತೆಯಲ್ಲೇ ಹೇಳಬೇಕು, ಏಕೆಂದರೆ ಅನಗತ್ಯ ಭಯವೂ ಒಳ್ಳೆಯದಲ್ಲ. ಆದರೆ ಆದಾಗ ಅದು ಸಾಮಾನ್ಯ ಹೃದಯಾಘಾತಕ್ಕಿಂತ ಕ್ರೂರವಾಗಿರುತ್ತದೆ. 2005ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ, 2,229 ರೋಗಿಗಳನ್ನು ಒಂಬತ್ತು ತಿಂಗಳು ಗಮನಿಸಿದ ಯುರೋಪಿನ ಅಧ್ಯಯನವೊಂದರಲ್ಲಿ 29 ಮಂದಿಗೆ, ಅಂದರೆ ಶೇಕಡಾ 1.3ರಷ್ಟು ಜನರಿಗೆ, ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹಾಗಾದವರಲ್ಲಿ ಶೇಕಡಾ 45ರಷ್ಟು ಮಂದಿ ಬದುಕುಳಿಯಲಿಲ್ಲ. ಎಲ್ಲ ಕಾರಣಗಳನ್ನೂ ತೂಗಿ ನೋಡಿದಾಗ ಅಪಾಯವನ್ನು ಅತಿ ಹೆಚ್ಚು ಏರಿಸಿದ್ದು ಮಾತ್ರೆಯನ್ನು ಅವಧಿಗೆ ಮುನ್ನ ನಿಲ್ಲಿಸಿದ್ದು ಎಂದು ಕಂಡುಬಂದಿತು. ಮೂತ್ರಪಿಂಡದ ವೈಫಲ್ಯ, ನಾಳ ಕವಲೊಡೆಯುವ ಜಾಗದಲ್ಲಿ ಸ್ಟೆಂಟ್ ಇರುವುದು, ಮಧುಮೇಹ, ಹೃದಯದ ಪಂಪ್ ಶಕ್ತಿ ಕುಗ್ಗಿರುವುದು ಅದರ ನಂತರದ ಸ್ಥಾನದಲ್ಲಿದ್ದವು. ಸ್ಟೆಂಟ್ ನಾಳದ ಗೋಡೆಗೆ ಸರಿಯಾಗಿ ಒತ್ತಿಕೊಳ್ಳದಿರುವುದೂ ಒಂದು ಕಾರಣವಾಗಿರುವುದರಿಂದ, ಎಲ್ಲ ಪ್ರಕರಣಗಳ ಹೊಣೆಯನ್ನೂ ರೋಗಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೂ ಈ ಪಟ್ಟಿಯಲ್ಲಿ ರೋಗಿಯ ಮತ್ತು ಮನೆಯವರ ಕೈಯಲ್ಲಿರುವುದು ಮುಖ್ಯವಾಗಿ ಮಾತ್ರೆಯೇ.

ಎರಡು ಮಾತ್ರೆಗಳು ಹೇಗೆ ಬಂದವು

ಮನುಷ್ಯರ ಹೃದಯದ ನಾಳಕ್ಕೆ ಮೊದಲು ಸ್ಟೆಂಟ್ ಇಟ್ಟದ್ದು 1986ರಲ್ಲಿ, ಫ್ರಾನ್ಸಿನ ತೂಲೂಸ್‌ನಲ್ಲಿ ಝಾಕ್ ಪ್ಯುಯೆಲ್ ಮತ್ತು ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಉಲ್ರಿಕ್ ಸಿಗ್ವಾರ್ಟ್. ಆರಂಭದ ವರ್ಷಗಳಲ್ಲಿ ಹೆಪ್ಪುಗಟ್ಟುವಿಕೆ ಎಷ್ಟು ಕಾಡಿತೆಂದರೆ, ಈ ಉಪಾಯವನ್ನೇ ಕೈಬಿಡಬೇಕೇ ಎಂಬ ಪ್ರಶ್ನೆ ಎದ್ದಿತ್ತು. ಅದನ್ನು ತಡೆಯಲು ಆಸ್ಪಿರಿನ್ ಜೊತೆಗೆ ಹೆಪಾರಿನ್, ವಾರ್ಫರಿನ್ ಮುಂತಾದ ತೀಕ್ಷ್ಣ ಔಷಧಗಳನ್ನು ಕೊಟ್ಟಾಗ ರಕ್ತಸ್ರಾವ ಹೆಚ್ಚಿತೇ ಹೊರತು ನಾಳ ಮುಚ್ಚುವುದು ಬೇಕಾದಷ್ಟು ತಗ್ಗಲಿಲ್ಲ. ಇಟಲಿಯ ಆಂಟೋನಿಯೋ ಕೊಲೊಂಬೊ ಮತ್ತು ಸಂಗಡಿಗರು 1995ರಲ್ಲಿ, ಸ್ಟೆಂಟನ್ನು ಪೂರ್ತಿಯಾಗಿ ಅರಳಿಸಿ, ಪ್ಲೇಟ್‌ಲೆಟ್‌ಗಳನ್ನಷ್ಟೇ ತಡೆಯುವ ಮಾತ್ರೆಗಳನ್ನು ಕೊಟ್ಟರೆ ಸಾಕೆಂದು ತೋರಿಸಿದರು. 1998ರಲ್ಲಿ ಪ್ರಕಟವಾದ ಅಮೆರಿಕದ ಪರೀಕ್ಷೆಯೊಂದು ಇದನ್ನು ಅಂಕಿಗಳಲ್ಲಿ ಖಚಿತಪಡಿಸಿತು: ಮೊದಲ ತಿಂಗಳಲ್ಲಿ ತೊಂದರೆಗೆ ಈಡಾದವರು ಆಸ್ಪಿರಿನ್ ಒಂದನ್ನೇ ತೆಗೆದುಕೊಂಡವರಲ್ಲಿ ಶೇಕಡಾ 3.6, ಆಸ್ಪಿರಿನ್ ಮತ್ತು ವಾರ್ಫರಿನ್ ತೆಗೆದುಕೊಂಡವರಲ್ಲಿ 2.7, ಆಸ್ಪಿರಿನ್ ಜೊತೆಗೆ ಕ್ಲೋಪಿಡೊಗ್ರೆಲ್‌ನ ಹಿರಿಯ ಸಂಬಂಧಿಯಾದ ಟಿಕ್ಲೋಪಿಡಿನ್ ತೆಗೆದುಕೊಂಡವರಲ್ಲಿ ಕೇವಲ 0.5. ಇಂದು ಬ್ರಹ್ಮಾವರದ ಮೆಡಿಕಲ್ ಅಂಗಡಿಯಲ್ಲಿ ಸಿಗುವ ಜೋಡಿ ಮಾತ್ರೆಯ ಮೂಲ ಇಲ್ಲಿದೆ. 2002ರ ಸುಮಾರಿಗೆ ಬಂದ ಮೊದಲ ತಲೆಮಾರಿನ ಔಷಧಲೇಪಿತ ಸ್ಟೆಂಟುಗಳಲ್ಲಿ ಒಳಪದರ ಬೆಳೆಯುವುದೂ ತಡವಾಗಿ, ವರ್ಷ ಕಳೆದ ಮೇಲೂ ರಕ್ತ ಹೆಪ್ಪುಗಟ್ಟಿದ ವರದಿಗಳು 2006ರಲ್ಲಿ ಲೋಕದಾದ್ಯಂತ ಗಾಬರಿ ಹುಟ್ಟಿಸಿದವು. ತೆಳು ತಂತಿಯ ಈಗಿನ ಮಾದರಿಗಳು ಆ ದೋಷವನ್ನು ಬಹಳಮಟ್ಟಿಗೆ ಕಳೆದುಕೊಂಡಿವೆ.

ಜೋಡಿಯ ಮೊದಲನೆಯದು ಆಸ್ಪಿರಿನ್, ದಿನಕ್ಕೆ 75ರಿಂದ 150 ಮಿಲಿಗ್ರಾಂ; ಇಕೋಸ್ಪ್ರಿನ್ ಎಂಬ ಹೆಸರಿನಿಂದ ಜನರಿಗೆ ಪರಿಚಿತ. ಎರಡನೆಯದು ಕ್ಲೋಪಿಡೊಗ್ರೆಲ್ 75 ಮಿಲಿಗ್ರಾಂ ದಿನಕ್ಕೊಮ್ಮೆ, ಅಥವಾ ಟಿಕಾಗ್ರೆಲಾರ್ 90 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಅಥವಾ ಪ್ರಸುಗ್ರೆಲ್ 10 ಮಿಲಿಗ್ರಾಂ ದಿನಕ್ಕೊಮ್ಮೆ. ಪ್ಲೇಟ್‌ಲೆಟ್‌ಗಳು ಒಂದನ್ನೊಂದು ಕರೆಯುವ ದಾರಿಗಳಲ್ಲಿ ಒಂದನ್ನು ಆಸ್ಪಿರಿನ್ ಮುಚ್ಚಿದರೆ ಇನ್ನೊಂದನ್ನು ಎರಡನೆಯ ಮಾತ್ರೆ ಮುಚ್ಚುತ್ತದೆ. ಹಾಗಾಗಿ ಒಂದಿದ್ದರೆ ಇನ್ನೊಂದು ಏಕೆ ಎಂಬ ಪ್ರಶ್ನೆಗೆ ಅರ್ಥವಿಲ್ಲ. ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ತಾಗಿದ ಪ್ಲೇಟ್‌ಲೆಟ್ ತನ್ನ ಏಳರಿಂದ ಹತ್ತು ದಿನಗಳ ಆಯುಸ್ಸಿನುದ್ದಕ್ಕೂ ನಿಷ್ಕ್ರಿಯವಾಗಿಯೇ ಉಳಿಯುತ್ತದೆ. ಇದರಿಂದಾಗಿ ಒಂದು ದಿನ ಮರೆತದ್ದರ ಪರಿಣಾಮ ಕೂಡಲೇ ಕಾಣದೆ, ಮರೆತರೂ ಏನಾಗಲಿಲ್ಲವಲ್ಲ ಎಂಬ ತಪ್ಪು ಧೈರ್ಯಕ್ಕೆ ದಾರಿಯಾಗುತ್ತದೆ, ಆದರೆ ದಿನಕ್ಕೆ ಹತ್ತರಲ್ಲೊಂದು ಪಾಲಿನಷ್ಟು ಹೊಸ ಪ್ಲೇಟ್‌ಲೆಟ್‌ಗಳು ಹುಟ್ಟುತ್ತಲೇ ಇರುವುದರಿಂದ ಮೂರು ನಾಲ್ಕು ದಿನಗಳಲ್ಲಿ ರಕ್ಷಣೆ ಸಡಿಲಗೊಳ್ಳುತ್ತದೆ. ಟಿಕಾಗ್ರೆಲಾರ್ ಬೇರೆ ಬಗೆಯದು. ಅದರ ಹಿಡಿತ ಗಂಟೆಗಳ ಲೆಕ್ಕದಲ್ಲಿ ಬಿಡುವುದರಿಂದ ಬೆಳಗಿನ ಮಾತ್ರೆಯಷ್ಟೇ ರಾತ್ರಿಯದೂ ಮುಖ್ಯ. ಮರೆತ ಮಾತ್ರೆಯನ್ನು ಸರಿದೂಗಿಸಲು ಒಟ್ಟಿಗೆ ಎರಡು ನುಂಗುವುದು ಮಾತ್ರ ಯಾವುದರಲ್ಲೂ ಕೂಡದು.

ವಾಲ್ವ್ ಬದಲಾಯಿಸಿಕೊಂಡವರು ತೆಗೆದುಕೊಳ್ಳುವ ಅಸಿಟ್ರೋಮ್ ಅಥವಾ ವಾರ್ಫರಿನ್ ಇವುಗಳಿಂದ ಬೇರೆಯಾದ ಔಷಧವರ್ಗ. ಅವರಿಗೆ ಬೇಕಾಗುವ ಐಎನ್ಆರ್ ರಕ್ತಪರೀಕ್ಷೆ, ಸೊಪ್ಪು ತರಕಾರಿಯ ಬಗೆಗಿನ ಎಚ್ಚರಿಕೆ ಸ್ಟೆಂಟಿನ ಮಾತ್ರೆಗಳಿಗೆ ಅನ್ವಯಿಸುವುದಿಲ್ಲ. ಹೃದಯದ ಲಯ ತಪ್ಪುವ ಕಾಯಿಲೆಯೂ ಇದ್ದು ಎರಡೂ ವರ್ಗದ ಔಷಧ ಬೇಕಾದವರ ವಿಷಯದಲ್ಲಿ ತಜ್ಞರ ಲೆಕ್ಕ ಬೇರೆಯೇ ಆಗಿರುತ್ತದೆ. ನೆರೆಮನೆಯವರ ಚೀಟಿ ನೋಡಿ ತಮ್ಮದನ್ನು ತಿದ್ದಿಕೊಳ್ಳುವುದು ಅಂಥವರಿಗೆ ವಿಶೇಷವಾಗಿ ಅಪಾಯಕಾರಿ.

ಮಾತ್ರೆ ನಿಲ್ಲುವ ಜಾಗಗಳು

ಮೊದಲನೆಯ ಜಾಗ ಹಲ್ಲಿನ ಕುರ್ಚಿ. ಹಲ್ಲು ಕೀಳಿಸುವ ಮುನ್ನ ಐದು ದಿನ ಮಾತ್ರೆ ಬಿಟ್ಟು ಬರಬೇಕೆಂಬ ಹಳೆಯ ವಾಡಿಕೆ ಇನ್ನೂ ಅಲ್ಲಲ್ಲಿ ಉಳಿದಿದೆ, ಎಷ್ಟೋ ಸಲ ವೈದ್ಯರು ಹೇಳದಿದ್ದರೂ ರೋಗಿಯೇ ರಕ್ತ ನಿಲ್ಲದೆಂಬ ಅಂಜಿಕೆಯಿಂದ ಬಿಟ್ಟಿರುತ್ತಾನೆ. ಒಂದೆರಡು ಹಲ್ಲು ಕೀಳುವುದಕ್ಕೆ ಜೋಡಿ ಮಾತ್ರೆಗಳನ್ನು ನಿಲ್ಲಿಸುವ ಅಗತ್ಯವಿಲ್ಲ ಎಂಬುದು ಈಗ ಒಪ್ಪಿತವಾದ ನಿಲುವು. ಹತ್ತಿಯನ್ನು ಹೆಚ್ಚು ಹೊತ್ತು ಕಚ್ಚಿ ಹಿಡಿಯುವುದು, ಹೊಲಿಗೆ ಹಾಕುವುದು, ಹಲವು ಹಲ್ಲುಗಳಿದ್ದರೆ ಬೇರೆ ಬೇರೆ ದಿನ ಕೀಳುವುದು ಇವುಗಳಿಂದ ರಕ್ತವನ್ನು ಹತೋಟಿಯಲ್ಲಿಡಬಹುದು. ಒಸಡಿನ ರಕ್ತ ಕಣ್ಣಿಗೆ ಕಾಣುತ್ತದೆ, ಒತ್ತಿ ಹಿಡಿದರೆ ನಿಲ್ಲುತ್ತದೆ. ಸ್ಟೆಂಟಿನೊಳಗಿನ ಗಡ್ಡೆಯನ್ನು ಒತ್ತಿ ಹಿಡಿಯಲಾಗದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೂ ಸಾಮಾನ್ಯವಾಗಿ ಇದೇ ಮಾತು ಸಲ್ಲುತ್ತದೆ, ನೇತ್ರ ಶಿಬಿರಕ್ಕೆ ಹೋಗುವವರು ಸ್ಟೆಂಟಿನ ವಿಷಯವನ್ನು ಹೆಸರು ಬರೆಸುವಾಗಲೇ ತಿಳಿಸುವುದು ಒಳ್ಳೆಯದು.

ಹರ್ನಿಯಾ, ಪಿತ್ತಕೋಶದ ಕಲ್ಲು, ಮಂಡಿ ಕೀಲಿನ ಬದಲಾವಣೆ ಮುಂತಾದ ದೊಡ್ಡ ಶಸ್ತ್ರಚಿಕಿತ್ಸೆಗಳ ವಿಚಾರ ಬೇರೆ. ಮುಂದೂಡಲು ಸಾಧ್ಯವಿರುವ ಶಸ್ತ್ರಚಿಕಿತ್ಸೆಯನ್ನು ಸ್ಟೆಂಟ್ ಹಾಕಿದ ಆರು ತಿಂಗಳವರೆಗೆ, ಹೃದಯಾಘಾತವಾಗಿ ಹಾಕಿದ್ದರೆ ಸಾಧ್ಯವಾದಷ್ಟು ಒಂದು ವರ್ಷದವರೆಗೆ ಮುಂದೂಡುವುದು ಕ್ರಮ; ಮೊದಲ ತಿಂಗಳಲ್ಲಂತೂ ಜೀವ ಉಳಿಸುವ ಶಸ್ತ್ರಚಿಕಿತ್ಸೆಯ ಹೊರತು ಬೇರೆ ಯಾವುದಕ್ಕೂ ಕೈಹಾಕುವುದಿಲ್ಲ. ಎರಡನೆಯ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಲೇಬೇಕಾದಾಗ ಕ್ಲೋಪಿಡೊಗ್ರೆಲ್ ಐದು ದಿನ, ಪ್ರಸುಗ್ರೆಲ್ ಏಳು ದಿನ, ಟಿಕಾಗ್ರೆಲಾರ್ ಮೂರರಿಂದ ಐದು ದಿನ ಮುಂಚೆ ನಿಲ್ಲಿಸಿ, ಆಸ್ಪಿರಿನ್ ಅನ್ನು ಬಹುತೇಕ ಸಂದರ್ಭಗಳಲ್ಲಿ ಮುಂದುವರಿಸುತ್ತಾರೆ. ನಿಲ್ಲಿಸುವ ದಿನವನ್ನು ಬರೆದುಕೊಡುವ ಚೀಟಿಯಲ್ಲಿ ಮತ್ತೆ ಆರಂಭಿಸುವ ದಿನವೂ ಇರಬೇಕು. ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದವರು ಹೊಸ ಚೀಟಿಯಲ್ಲಿ ಹಳೆಯ ಮಾತ್ರೆಯ ಹೆಸರಿಲ್ಲವೆಂದು ವಾರಗಟ್ಟಲೆ ಸುಮ್ಮನಿದ್ದುಬಿಡುವುದು ನಿಲ್ಲಿಸಿದ್ದಕ್ಕಿಂತ ದೊಡ್ಡ ತಪ್ಪಾಗುತ್ತದೆ.

ಎರಡನೆಯ ಜಾಗ ಮಳೆಗಾಲದ ಜ್ವರ. ಉಡುಪಿ ಜಿಲ್ಲೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಡೆಂಗಿ ಮತ್ತು ಗದ್ದೆ ಕೆಲಸದವರನ್ನು ಹೆಚ್ಚಾಗಿ ಕಾಡುವ ಇಲಿಜ್ವರ ವರ್ಷವರ್ಷವೂ ಕಾಣಿಸಿಕೊಳ್ಳುತ್ತವೆ. ಎರಡರಲ್ಲೂ ಪ್ಲೇಟ್‌ಲೆಟ್ ಎಣಿಕೆ ಕುಸಿಯಬಹುದು. ರಕ್ತಪರೀಕ್ಷೆಯ ವರದಿಯಲ್ಲಿ ಆ ಅಂಕಿ ಇಳಿದದ್ದನ್ನು ಕಂಡ ಕೂಡಲೇ ಮನೆಯವರೇ ಎರಡೂ ಮಾತ್ರೆ ನಿಲ್ಲಿಸುವುದುಂಟು. ಸಹಜವಾಗಿ ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕಾದ ಎಣಿಕೆ ಒಂದು ಲಕ್ಷಕ್ಕೆ ಇಳಿದದ್ದಷ್ಟೇ ಅದಕ್ಕೆ ಕಾರಣವಾಗಲಾರದು. 50 ಸಾವಿರಕ್ಕಿಂತ ಕೆಳಗಿಳಿದಾಗ, ಅಥವಾ ಎಣಿಕೆ ಎಷ್ಟೇ ಇದ್ದರೂ ರಕ್ತಸ್ರಾವ ಆರಂಭವಾದಾಗ, ಸ್ಟೆಂಟ್ ಹಾಕಿ ಎಷ್ಟು ದಿನವಾಯಿತು ಎಂಬುದನ್ನು ಮುಂದಿಟ್ಟುಕೊಂಡು ಜ್ವರದ ವೈದ್ಯರೂ ಹೃದ್ರೋಗ ತಜ್ಞರೂ ಕೂಡಿ ನಿರ್ಧರಿಸಬೇಕಾಗುತ್ತದೆ, ಎಣಿಕೆ ಮೇಲೇರಿದ ಕೂಡಲೇ ಮಾತ್ರೆಯನ್ನು ಮತ್ತೆ ಆರಂಭಿಸಬೇಕಾಗುತ್ತದೆ. ಜ್ವರಕ್ಕೂ ಮೈಕೈ ನೋವಿಗೂ ಪ್ಯಾರಾಸಿಟಮಾಲ್ ಸುರಕ್ಷಿತ. ಇಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಂಥ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ, ಇಬುಪ್ರೊಫೆನ್ ಆಸ್ಪಿರಿನ್ನಿನ ಕೆಲಸಕ್ಕೇ ಅಡ್ಡಬರುತ್ತದೆ. ನಾಟಿ ಮುಗಿಸಿ ಸೊಂಟ ಹಿಡಿದವರು ಅಂಗಡಿಯಲ್ಲಿ ಕೇಳಿ ತರುವ ಬಿಡಿ ಮಾತ್ರೆ ಅನೇಕ ವೇಳೆ ಇವುಗಳಲ್ಲೊಂದಾಗಿರುವುದರಿಂದ, ಸ್ಟೆಂಟ್ ಇದೆಯೆಂದು ಹೇಳದೆ ನೋವಿನ ಮಾತ್ರೆ ಕೊಳ್ಳಬಾರದು.

ಮೂರನೆಯ ಜಾಗವಾದ ಮೆಡಿಕಲ್ ಅಂಗಡಿಯಲ್ಲಿ ಮಾತ್ರೆ ನಿಂತದ್ದು ಯಾರ ಗಮನಕ್ಕೂ ಬರುವುದಿಲ್ಲ. ಉದಾಹರಣೆಗೆ, ಇಕೋಸ್ಪ್ರಿನ್ ಗೋಲ್ಡ್ ಎಂಬ ಗುಳಿಗೆಯಲ್ಲಿ ಆಸ್ಪಿರಿನ್, ಕ್ಲೋಪಿಡೊಗ್ರೆಲ್ ಮತ್ತು ಕೊಬ್ಬು ಇಳಿಸುವ ಅಟೋರ್ವಾಸ್ಟಾಟಿನ್ ಮೂರೂ ಇವೆ. ಇಕೋಸ್ಪ್ರಿನ್ ಎವಿ ಎಂಬುದರಲ್ಲಿ ಆಸ್ಪಿರಿನ್ ಮತ್ತು ಅಟೋರ್ವಾಸ್ಟಾಟಿನ್ ಮಾತ್ರ. ಮೊದಲನೆಯದು ದಾಸ್ತಾನಿಲ್ಲದ ದಿನ ಎರಡನೆಯದು ಕೈಗೆ ಬಂದರೆ, ಹೆಸರಿನ ಹೋಲಿಕೆಯಿಂದ ರೋಗಿಗೆ ಮಾತ್ರೆ ಬದಲಾದದ್ದು ತಿಳಿಯದೆ ಕ್ಲೋಪಿಡೊಗ್ರೆಲ್ ಸದ್ದಿಲ್ಲದೆ ಬಿಟ್ಟುಹೋಗುತ್ತದೆ. ಇದರ ತಿರುವುಮುರುವೂ ಉಂಟು: ಒಬ್ಬ ವೈದ್ಯರು ಬಿಡಿಯಾಗಿ ಬರೆದದ್ದು, ಮತ್ತೊಬ್ಬರು ಕೂಡಿಸಿ ಬರೆದದ್ದು ಎರಡನ್ನೂ ನುಂಗಿ, ದಿನಕ್ಕೆ ಎರಡರಷ್ಟು ಔಷಧ ಒಳಹೋಗಿ ಮೈಮೇಲೆ ನೀಲಿಗಟ್ಟುವುದು. ಆದ್ದರಿಂದ ಕಂಪನಿಯ ಹೆಸರಿಗಿಂತ, ಪಟ್ಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರನ್ನು ಓದಿ ನೋಡುವ ಅಭ್ಯಾಸ ಮನೆಯಲ್ಲಿ ಒಬ್ಬರಿಗಾದರೂ ಇರಬೇಕು. ಬೆಲೆಯ ಕಾರಣಕ್ಕೆ ಮಾತ್ರೆ ಬಿಡುವವರು ಜನೌಷಧಿ ಕೇಂದ್ರಗಳಲ್ಲಿ ಆಸ್ಪಿರಿನ್ ಮತ್ತು ಕ್ಲೋಪಿಡೊಗ್ರೆಲ್ ಅಗ್ಗದ ದರದಲ್ಲಿ ಸಿಗುವುದನ್ನು ತಿಳಿದಿರಬೇಕು. 2017ರ ಫೆಬ್ರವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರವು ಔಷಧಲೇಪಿತ ಸ್ಟೆಂಟಿನ ಗರಿಷ್ಠ ಬೆಲೆಯನ್ನು 29,600 ರೂಪಾಯಿಗೂ ಲೇಪನವಿಲ್ಲದ್ದರ ಬೆಲೆಯನ್ನು 7,260 ರೂಪಾಯಿಗೂ ನಿಗದಿಮಾಡಿದ ಮೇಲೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವೂ ಸೇರಿ, ಸ್ಟೆಂಟ್ ಬಡವರಿಗೂ ಎಟುಕುವಂತಾಯಿತು. ಆದರೆ ಅದರ ಹಿಂದೆ ಬರುವ ತಿಂಗಳ ತಿಂಗಳ ಮಾತ್ರೆಯ ಖರ್ಚಿನ ಬಗ್ಗೆ ಬಿಡುಗಡೆಯ ದಿನ ಮಾತಾಡುವವರು ಕಡಿಮೆ. ಟಿಕಾಗ್ರೆಲಾರ್ ದುಬಾರಿಯೆನಿಸಿದರೆ ಅದನ್ನು ಬಿಡುವ ಬದಲು ವೈದ್ಯರಿಗೆ ನೇರವಾಗಿ ತಿಳಿಸಿದರೆ, ಎಷ್ಟೋ ರೋಗಿಗಳಲ್ಲಿ ಕ್ಲೋಪಿಡೊಗ್ರೆಲ್‌ಗೆ ಕ್ರಮವಾಗಿ ಬದಲಾಯಿಸುವ ದಾರಿಯಿದೆ.

ಅಸಿಡಿಟಿಯ ಮಾತ್ರೆಯೂ ಈ ಕೌಂಟರಿನಲ್ಲೇ ಸಿಗುತ್ತದೆ. ಕ್ಲೋಪಿಡೊಗ್ರೆಲ್ ಯಕೃತ್ತಿನಲ್ಲಿ ರೂಪಾಂತರ ಹೊಂದಿದ ಮೇಲಷ್ಟೇ ಕೆಲಸಕ್ಕೆ ಬರುತ್ತದೆ. ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್ ಎಂಬ ಅಸಿಡಿಟಿಯ ಮಾತ್ರೆಗಳು ಆ ರೂಪಾಂತರವನ್ನು ಕುಗ್ಗಿಸುವುದರಿಂದ ಕ್ಲೋಪಿಡೊಗ್ರೆಲ್ ಜೊತೆಗೆ ಪ್ಯಾಂಟೊಪ್ರಜೋಲ್ ಬರೆಯುವುದು ವಾಡಿಕೆ. ಹುಟ್ಟಿನಿಂದಲೇ ಈ ರೂಪಾಂತರದ ಶಕ್ತಿ ಕಡಿಮೆಯಿರುವವರು ದಕ್ಷಿಣ ಏಷ್ಯಾದವರಲ್ಲಿ ಅಪರೂಪವಲ್ಲದ ಕಾರಣ, ಕ್ಲೋಪಿಡೊಗ್ರೆಲ್ ತಪ್ಪದೆ ತೆಗೆದುಕೊಂಡೂ ಸ್ಟೆಂಟ್ ಮುಚ್ಚಿದವರಿಗೆ ಬೇರೆ ಮಾತ್ರೆ ಕೊಡಲಾಗುತ್ತದೆ.

ದುಡಿಮೆಯ ಲಯಕ್ಕೂ ಮಾತ್ರೆಯ ಲಯಕ್ಕೂ ಹೊಂದಿಕೆಯಾಗದೆ ಇರುವುದು ಕರಾವಳಿಯ ಇನ್ನೊಂದು ತೊಡಕು. ಮಲ್ಪೆ, ಗಂಗೊಳ್ಳಿ ಬಂದರುಗಳಿಂದ ಆಳಸಮುದ್ರಕ್ಕೆ ಹೊರಡುವ ಬೋಟು ವಾರ ಕಳೆದು ಮರಳುವಂಥದ್ದು. ಲೆಕ್ಕ ಹಾಕಿ ಒಯ್ದ ಮಾತ್ರೆ ಬೋಟು ತಡವಾದರೆ ಮುಗಿದುಹೋಗುತ್ತದೆ, ಒದ್ದೆಯಾದ ಪಟ್ಟಿ ಹಾಳಾಗುತ್ತದೆ. ಬೇಕಾದದ್ದರ ಎರಡರಷ್ಟನ್ನು ಎರಡು ಬೇರೆ ಡಬ್ಬಿಗಳಲ್ಲಿ ಒಯ್ಯುವುದು ಸುಲಭದ ಪರಿಹಾರ, ಆದರೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು ಮೊದಲ ತಿಂಗಳಲ್ಲಿ ಕಡಲಿಗಿಳಿಯುವುದೇ ಸರಿಯಲ್ಲ. ತಿರುಗಾಟದ ಮೇಳದಲ್ಲಿದ್ದು ರಾತ್ರಿಯಿಡೀ ಎಚ್ಚರವಿದ್ದು ಹಗಲು ಮಲಗುವ ಯಕ್ಷಗಾನ ಕಲಾವಿದರಿಗೂ, ಮುಂಬೈ ಬೆಂಗಳೂರುಗಳ ಹೋಟೆಲುಗಳಲ್ಲಿ ಪಾಳಿಯಲ್ಲಿ ದುಡಿಯುವವರಿಗೂ ಬೆಳಿಗ್ಗೆ ರಾತ್ರಿ ಎಂಬ ಸೂಚನೆ ಗೊಂದಲಕ್ಕೆ ಎಡೆಮಾಡುತ್ತದೆ. ಟಿಕಾಗ್ರೆಲಾರ್ ವಿಷಯದಲ್ಲಿ ಸೂರ್ಯನಿಗಿಂತ ಹನ್ನೆರಡು ಗಂಟೆಗಳ ಅಂತರ ಮುಖ್ಯವೆಂದು ಅಂಥವರಿಗೆ ಬಿಡಿಸಿ ಹೇಳಬೇಕು. ಏಕಾದಶಿಯ ಉಪವಾಸವಿರಲಿ, ರಂಜಾನಿನ ಉಪವಾಸವಿರಲಿ, ಮಾತ್ರೆಯ ಹೊತ್ತನ್ನು ಮುಂಚಿತವಾಗಿ ವೈದ್ಯರಲ್ಲಿ ಕೇಳಿ ಹೊಂದಿಸಿಕೊಳ್ಳಬಹುದು, ಕೈಬಿಡಬೇಕಾಗಿಲ್ಲ.

ಇನ್ನೊಂದು ಜಾಗ ಮೊಬೈಲಿನ ಪರದೆ. ಸ್ಟೆಂಟ್ ಬೇಕಾಗಿಯೇ ಇರಲಿಲ್ಲ, ಬ್ಲಾಕೇಜು ಕಷಾಯದಿಂದ ಕರಗುತ್ತದೆ ಎಂಬ ಸಂದೇಶಗಳು ಸ್ಟೆಂಟ್ ಹಾಕಿಸಿಕೊಂಡವರನ್ನೇ ಹುಡುಕಿಕೊಂಡು ಬರುತ್ತವೆ. ಎದೆನೋವು ಸ್ಥಿರವಾಗಿರುವ ರೋಗಿಗಳಲ್ಲಿ ಸ್ಟೆಂಟ್ ಸಾವನ್ನು ತಗ್ಗಿಸುವುದಿಲ್ಲವೆಂದು 2007ರ ಕರೇಜ್ ಮತ್ತು 2020ರ ಇಸ್ಕೀಮಿಯಾ ಎಂಬ ದೊಡ್ಡ ಪರೀಕ್ಷೆಗಳು ತೋರಿಸಿರುವುದು ನಿಜ. ಹೃದಯಾಘಾತದ ಹೊತ್ತಿನಲ್ಲಿ ಅದು ಜೀವ ಉಳಿಸುತ್ತದೆಂಬುದೂ ಅಷ್ಟೇ ನಿಜ. ಆದರೆ ಆ ಚರ್ಚೆಗೆ ಅವಕಾಶವಿರುವುದು ಸ್ಟೆಂಟ್ ಹಾಕುವ ಮುನ್ನ. ಒಮ್ಮೆ ಲೋಹ ನಾಳದೊಳಗೆ ಕುಳಿತ ಮೇಲೆ, ಅದು ಬೇಕಿತ್ತೋ ಬೇಡವಿತ್ತೋ ಎಂಬ ವಾದದಲ್ಲಿ ಯಾರು ಗೆದ್ದರೂ ಮಾತ್ರೆಯ ಅಗತ್ಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಎಷ್ಟು ಕಾಲ, ಎಷ್ಟು ರಕ್ತ

ಹೃದಯಾಘಾತದ ಸಂದರ್ಭದಲ್ಲಿ ಸ್ಟೆಂಟ್ ಹಾಕಿದ್ದರೆ ಜೋಡಿ ಮಾತ್ರೆಗಳು ಸಾಮಾನ್ಯವಾಗಿ 12 ತಿಂಗಳು, ಸ್ಥಿರವಾದ ಕಾಯಿಲೆಗೆ ಹಾಕಿದ್ದರೆ ಆರು ತಿಂಗಳು. ರಕ್ತಸ್ರಾವದ ಅಪಾಯ ಹೆಚ್ಚಿರುವ ವೃದ್ಧರು, ಹಿಂದೆ ಹೊಟ್ಟೆಯಲ್ಲಿ ರಕ್ತ ಹೋದವರು, ತೀವ್ರ ರಕ್ತಹೀನತೆಯವರಿಗೆ ತಜ್ಞರು ಒಂದರಿಂದ ಮೂರು ತಿಂಗಳಿಗೆ ಇಳಿಸುವುದೂ ಇದೆ. ಅವಧಿ ಮುಗಿದ ಮೇಲೆ ಎರಡರಲ್ಲಿ ಒಂದು ಮಾತ್ರೆ, ಹೆಚ್ಚಾಗಿ ಆಸ್ಪಿರಿನ್, ಜೀವನಪರ್ಯಂತ ಮುಂದುವರಿಯುತ್ತದೆ. ಬೇಗ ನಿಲ್ಲಿಸುವುದರಷ್ಟು ಚರ್ಚೆಗೆ ಬಾರದ ಇನ್ನೊಂದು ದೋಷವೂ ಇದೆ: ನಿಲ್ಲಿಸುವ ದಿನ ಯಾರೂ ಹೇಳದಿದ್ದುದರಿಂದ ಐದಾರು ವರ್ಷ ಎರಡನ್ನೂ ನುಂಗುತ್ತಲೇ ಇರುವುದು. ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ತರುವ ಪದ್ಧತಿಯಿಂದ ಹೀಗಾಗುತ್ತದೆ, ಅದರ ಬೆಲೆಯನ್ನು ಹೊಟ್ಟೆ ಮತ್ತು ಮಿದುಳಿನ ರಕ್ತಸ್ರಾವದ ರೂಪದಲ್ಲಿ ತೆರಬೇಕಾಗಬಹುದು. ಎರಡನೆಯ ಮಾತ್ರೆ ಯಾವ ತಿಂಗಳವರೆಗೆ ಎಂಬುದನ್ನು ಬಿಡುಗಡೆಯ ದಿನವೇ ಕೇಳಿ ಬರೆಸಿಕೊಳ್ಳುವುದು ರೋಗಿಯ ಹಕ್ಕು.

ಹಲ್ಲುಜ್ಜುವಾಗ ಒಸಡಿನಲ್ಲಿ ತುಸು ರಕ್ತ, ಕ್ಷೌರದ ಗಾಯ ಬೇಗ ಒಣಗದಿರುವುದು, ತೋಳಿನ ಮೇಲೆ ನೀಲಿ ಮಚ್ಚೆ, ಇವೆಲ್ಲ ಮಾತ್ರೆ ಕೆಲಸ ಮಾಡುತ್ತಿರುವುದರ ಕುರುಹುಗಳು. ತೋಟದ ಕೆಲಸದಲ್ಲಿ ಕತ್ತಿಯ ಗಾಯವಾದರೆ ಶುದ್ಧ ಬಟ್ಟೆಯಿಂದ ಹತ್ತು ಹದಿನೈದು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು, ನಡುನಡುವೆ ತೆಗೆದು ನೋಡಬಾರದು. ಮಲ ಕಪ್ಪಾಗಿ ಅಂಟಂಟಾಗಿ ಹೋದರೆ, ವಾಂತಿಯಲ್ಲಿ ಅಥವಾ ಮೂತ್ರದಲ್ಲಿ ರಕ್ತ ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣದ ಅಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟಾದರೂ ಅದನ್ನು ತೀರ್ಮಾನಿಸುವುದು ವೈದ್ಯರ ಕೆಲಸ. ಅಡಿಕೆ ಮರದಿಂದ ಬಿದ್ದೋ ಹೆದ್ದಾರಿಯಲ್ಲಿ ಬೈಕ್ ಜಾರಿಯೋ ತಲೆಗೆ ಪೆಟ್ಟಾದವರು, ಹೊರಗೆ ಗಾಯವಿಲ್ಲದಿದ್ದರೂ ಮಾತು ಸರಿಯಾಗಿದ್ದರೂ, ಈ ಮಾತ್ರೆಗಳ ಮೇಲಿದ್ದರೆ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೇ ಹೋಗಬೇಕು. ಟಿಕಾಗ್ರೆಲಾರ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ, 2009ರ ಪ್ರಮುಖ ಅಧ್ಯಯನದಲ್ಲಿ ಶೇಕಡಾ 14ರಷ್ಟು ಜನರಿಗೆ, ಏದುಸಿರಿನ ಅನುಭವವಾಗಿದೆ. ಅದು ಬಹುಪಾಲು ಮಂದಿಗೆ ತಾನಾಗಿ ತಗ್ಗುತ್ತದೆ, ತಗ್ಗದಿದ್ದರೆ ವೈದ್ಯರು ಮಾತ್ರೆಯನ್ನು ಬದಲಾಯಿಸುತ್ತಾರೆ. ಹೃದಯ ಮತ್ತೆ ಕೆಟ್ಟಿತೆಂದು ಹೆದರಿ ಮಾತ್ರೆಯನ್ನೇ ಬಿಡುವುದು ಮಾತ್ರ ಎರಡು ಕಡೆಯಿಂದಲೂ ನಷ್ಟ.

ಎದೆನೋವು ಮರಳಿದಾಗ

ಸ್ಟೆಂಟ್ ಹಾಕಿಸಿಕೊಂಡವರಿಗೆ ಎದೆಯ ನಡುವೆ ಒತ್ತಿದಂಥ ನೋವು, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಕಾರಣವಿಲ್ಲದ ಉಸಿರುಕಟ್ಟು ಕಾಣಿಸಿಕೊಂಡಾಗ ಗ್ಯಾಸ್ಟ್ರಿಕ್ ಎಂದು ಸೋಡಾ, ಜೀರಿಗೆ ಕಷಾಯ ಕುಡಿದು ಕಾಯುವ ಸ್ವಾತಂತ್ರ್ಯ ಇತರರಿಗಿರುವಷ್ಟೂ ಅವರಿಗಿಲ್ಲ. ಸ್ಟೆಂಟಿನಲ್ಲಿ ಗಡ್ಡೆ ಕಟ್ಟಿದಾಗ ಹೆಚ್ಚಾಗಿ ನಾಳ ಪೂರ್ತಿಯಾಗಿಯೇ ಮುಚ್ಚಿರುತ್ತದೆ, ಗಡ್ಡೆಯನ್ನು ಕರಗಿಸುವ ಚುಚ್ಚುಮದ್ದಿಗಿಂತ, ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್ ಲ್ಯಾಬಿನಲ್ಲಿ ನಾಳವನ್ನು ನೇರವಾಗಿ ತೆರೆಯುವುದು ಹೆಚ್ಚು ಫಲಕಾರಿ. ಹೀಗಾಗಿ ದೂರದ ಲೆಕ್ಕ ಮುಖ್ಯವಾಗುತ್ತದೆ. ಬ್ರಹ್ಮಾವರದಿಂದ ಮಣಿಪಾಲಕ್ಕೆ ಅರ್ಧ ಗಂಟೆಯ ದಾರಿ. ಬೈಂದೂರಿನಿಂದ ಸುಮಾರು 70 ಕಿಲೋಮೀಟರು. ಅಮಾಸೆಬೈಲು, ಕೊಲ್ಲೂರು ಕಡೆಯ ಕಾಡಂಚಿನ ಊರುಗಳಿಂದ, ಮಳೆಗಾಲದ ರಾತ್ರಿಯಲ್ಲಿ, ಹೆದ್ದಾರಿ ಮುಟ್ಟುವುದೇ ಒಂದು ಪ್ರಯಾಣ. ಬ್ರಹ್ಮಾವರದ ಸುತ್ತಿನವರು ನೇರವಾಗಿ ಕ್ಯಾಥ್ ಲ್ಯಾಬ್ ಇರುವ ಆಸ್ಪತ್ರೆಯತ್ತ ಹೊರಡುವುದು ಸೂಕ್ತವಾದರೆ, ದೂರದವರು 108ಕ್ಕೆ ಕರೆ ಮಾಡಿ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆಸಿಕೊಂಡು ಮುಂದುವರಿಯುವುದು ಒಳ್ಳೆಯದು. ರೋಗಿ ತಾನೇ ಬೈಕ್ ಅಥವಾ ಕಾರು ಓಡಿಸಿಕೊಂಡು ಹೋಗುವುದು ಯಾವ ದೂರಕ್ಕೂ ಸಲ್ಲದು. ಅಲರ್ಜಿಯಾಗಲಿ ರಕ್ತಸ್ರಾವವಾಗಲಿ ಇಲ್ಲದವರು ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅನ್ನು ಅಗಿದು ನುಂಗಿ ಹೊರಡಬಹುದು. 108ರ ಸಿಬ್ಬಂದಿಯನ್ನೋ ವೈದ್ಯರನ್ನೋ ಫೋನಿನಲ್ಲಿ ಕೇಳಿ ಹಾಗೆ ಮಾಡುವುದು ಇನ್ನೂ ಮೇಲು.

ಇಸಿಜಿಯನ್ನು ಓದುವವರಿಲ್ಲವೆಂಬ ಕೊರತೆಯನ್ನು ನೀಗಲು ಈ ಭಾಗದಲ್ಲಿ ಎರಡು ಪ್ರಯತ್ನಗಳು ನಡೆದಿವೆ. ಮಂಗಳೂರಿನ ಕೆಎಂಸಿ ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ, ಮನೆಬಾಗಿಲಿಗೆ ಹೃದ್ರೋಗ ಚಿಕಿತ್ಸೆಯನ್ನು ಒಯ್ಯುವ ಉದ್ದೇಶದ ಯೋಜನೆಯಲ್ಲಿ ಗ್ರಾಮಾಂತರದ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ದಾನವಾಗಿ ಕೊಟ್ಟು, ಅಲ್ಲಿನ ವೈದ್ಯರು ವಾಟ್ಸಾಪ್ ಗುಂಪಿಗೆ ಕಳಿಸಿದ ಇಸಿಜಿಯನ್ನು ತಜ್ಞರು ಕೂಡಲೇ ನೋಡಿ ಸಲಹೆ ಕೊಡುವ ಏರ್ಪಾಡಾಯಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹಠಾತ್ತನೆ ತೀರಿಕೊಂಡ ಮೇಲೆ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ರೂಪಿಸಿದ ಹೃದಯ ಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞ ಕೇಂದ್ರ ಪರಿಶೀಲಿಸಿ, ಅಗತ್ಯವಿದ್ದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸಲಾಗುತ್ತದೆ. ಸ್ಟೆಂಟ್ ಇರುವವರು ಇಂಥಲ್ಲಿ ಬಾಯಿಬಿಟ್ಟು ಹೇಳಬೇಕಾದದ್ದು ಎರಡು: ತನಗೆ ಸ್ಟೆಂಟ್ ಇದೆ ಎಂಬುದು, ಕೊನೆಯ ಬಾರಿ ಮಾತ್ರೆ ತೆಗೆದುಕೊಂಡದ್ದು ಯಾವಾಗ ಎಂಬುದು. ಬಿಟ್ಟಿದ್ದರೆ ಬಿಟ್ಟಿದ್ದೇನೆಂದೇ ಹೇಳಬೇಕು. ಬೈಗುಳದ ಭಯಕ್ಕೆ ಮುಚ್ಚಿಟ್ಟರೆ ಇಸಿಜಿ ಓದುವವರು ತಪ್ಪು ದಾರಿ ಹಿಡಿಯಬಹುದು.

ಈ ಊರುಗಳ ಬಹಳಷ್ಟು ಜನರಿಗೆ ಸ್ಟೆಂಟ್ ಹಾಕಿದ್ದು ಮುಂಬೈಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ದೇಶದಲ್ಲೋ ಆಗಿದ್ದು, ಕಡತ ಮಗನ ಮನೆಯ ಕಪಾಟಿನಲ್ಲಿರುತ್ತದೆ, ಎದೆನೋವು ಬರುವುದು ನಿವೃತ್ತರಾಗಿ ಮರಳಿದ ಹಳ್ಳಿಯ ಮನೆಯಲ್ಲಿ. ಆದ್ದರಿಂದ ಬಿಡುಗಡೆ ಚೀಟಿಯ ಚಿತ್ರ ಮೊಬೈಲಿನಲ್ಲಿರಬೇಕು. ಅದರಲ್ಲಿ ಸ್ಟೆಂಟ್ ಹಾಕಿದ ದಿನಾಂಕ, ಯಾವ ನಾಳಕ್ಕೆ, ಎಷ್ಟು ಸ್ಟೆಂಟ್, ಯಾವ ಎರಡು ಮಾತ್ರೆ, ಎರಡನೆಯದು ಯಾವಾಗಿನವರೆಗೆ ಎಂಬ ವಿವರಗಳು ಓದುವಂತೆ ಕಾಣಬೇಕು. ಅದೇ ಚಿತ್ರ ಮನೆಯ ಇನ್ನೊಬ್ಬರ ಮೊಬೈಲಿನಲ್ಲೂ ಇರಲೇಬೇಕು, ಏಕೆಂದರೆ ಎದೆನೋವಿನಿಂದ ಮಾತು ಹೊರಡದವರ ಫೋನಿನ ಲಾಕ್ ತೆರೆಯಲು ಆ ಹೊತ್ತಿನಲ್ಲಿ ಬೇರೆ ಯಾರಿಗೂ ಬರುವುದಿಲ್ಲ.